ಒಡಪಿನ ಕ್ಯಾಸೆಟ್ಟು

ದೇವಕಮ್ಮನ ಬಾಯಿ ನಿಂತು ಒಂದೂವರೆ ತಿಂಗಳಾಗಿತ್ತು.

ಅದು ಅಂಥಿಂಥ ಬಾಯಲ್ಲ. ಗೋಗಿಯ ಕೆಳಗಿನ ಓಣಿಯಲ್ಲಿ ಯಾರ ಮನೆಯ ಮದುವೆಯೇ ಇರಲಿ, ಹೊಸ ಸೊಸೆ ಹೊಸಿಲು ದಾಟುವ ಹೊತ್ತಿಗೆ ಹೆಂಗಸರು ಮೊದಲು ಹುಡುಕುತ್ತಿದ್ದದ್ದು ಆಕೆಯನ್ನು. ಅಲ್ಲಿ ಗಂಡನ ಹೆಸರು ಹೇಳದೆ ಯಾರೂ ಬಾಗಿಲು ಬಿಡುವುದಿಲ್ಲ. ಹೆಸರನ್ನು ಬರಿದೇ ಹೇಳುವಂತೆಯೂ ಇಲ್ಲ, ನಾಲ್ಕು ಮಾತು ಪ್ರಾಸ ಕಟ್ಟಿ ಅದರ ತುದಿಗೆ ಸಿಕ್ಕಿಸಬೇಕು. ಅದೇ ಒಡಪು. ಒಮ್ಮೆ ಹೇಳಿದ ಒಡಪನ್ನು ದೇವಕಮ್ಮ ಇನ್ನೊಂದು ಮದುವೆಯಲ್ಲಿ ಹೇಳುತ್ತಿರಲಿಲ್ಲ. ಅಷ್ಟು ಗತ್ತು.

ಅದೇ ಬಾಯಿ ಅಡುಗೆಮನೆಗೆ ಬಂದರೆ ಸೊಸೆ ಮರಿಲಿಂಗಮ್ಮನ ಪಾಲಿಗೆ ಬೇರೆಯೇ ಆಗುತ್ತಿತ್ತು. ರೊಟ್ಟಿ ದಪ್ಪ, ಪಲ್ಯ ಸಪ್ಪೆ, ಕೊಡ ಸರಿಯಾಗಿ ತಿಕ್ಕಿಲ್ಲ, ಮಗಳ ತಲೆ ಬಾಚಿಲ್ಲ. ಮದುವೆಯಾಗಿ ಹದಿಮೂರು ವರ್ಷ, ಮುಂಜಾನೆಯಿಂದ ದೀಪ ಹಚ್ಚುವ ತನಕ ಇದೇ. ಈ ಬಾಯಿ ಒಂದು ದಿನ ಸುಮ್ಮನಾದರೆ ಸಾಕು ದೇವರೇ ಎಂದು ಮರಿಲಿಂಗಮ್ಮ ಎಷ್ಟು ಸಲ ಅಂದುಕೊಂಡಿದ್ದಳೋ. ಕಾರಹುಣ್ಣಿಮೆಯ ಮರುದಿನ ಲಕ್ವಾ ಹೊಡೆದು ಮುದುಕಿಯ ಬಲಗೈ, ಬಲಗಾಲು ಮತ್ತು ಮಾತು ಮೂರೂ ಒಟ್ಟಿಗೆ ಹೋದವು. ಕಾಲು ಸ್ವಲ್ಪ ಬಂತು, ಕೈ ಸ್ವಲ್ಪ ಬಂತು. ಮಾತು ಬರಲಿಲ್ಲ. ತಾನು ಅಂದುಕೊಂಡದ್ದನ್ನು ನೆನೆದಾಗೆಲ್ಲ ಮರಿಲಿಂಗಮ್ಮ ಅತ್ತೆಯ ಹೊದಿಕೆಯನ್ನು ಇನ್ನೊಮ್ಮೆ ಸರಿಮಾಡುತ್ತಿದ್ದಳು.

ಮಾತಿಲ್ಲದ ಮನೆಯಲ್ಲಿ ಯಾರಿಗೂ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಮುದುಕಿ ಎಡಗೈಯಲ್ಲಿ ಸ್ಟೀಲಿನ ಗ್ಲಾಸು ಹಿಡಿದು ಮಂಚದ ಪಟ್ಟಿಗೆ ಕಣ ಕಣ ಬಡಿಯುತ್ತಿದ್ದಳು. ನೀರು ಕೊಟ್ಟರೆ ನೀರಲ್ಲ, ಹೊದಿಕೆ ಕೊಟ್ಟರೆ ಹೊದಿಕೆಯಲ್ಲ. ಜೋಳದ ನುಚ್ಚು ಮಜ್ಜಿಗೆಯಲ್ಲಿ ಕಲಸಿ ತುತ್ತು ಮಾಡಿ ಕೊಟ್ಟರೆ ಕೈಯನ್ನೇ ತಳ್ಳಿಬಿಡುತ್ತಿದ್ದಳು.

"ಏನ್ ಬೇಕತ್ತಿ? ಕೈ ಮಾಡಿ ತೋರ್ಸು," ಎಂದರೆ ತೋರಿಸಲು ಹೋಗಿ, ತಿಳಿಸಲಾರದೆ, ಮತ್ತೆ ಗ್ಲಾಸು ಬಡಿಯುತ್ತಿದ್ದಳು.

ಮಾವ ಖಂಡಪ್ಪನ ಪಾಡು ಇನ್ನೊಂದು. ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು. ಕೆಲಸ ಬಿಟ್ಟು ಆರು ವರ್ಷವಾದರೂ ಗೇಟು ಅವನನ್ನು ಬಿಟ್ಟಿರಲಿಲ್ಲ. ಮೊದಲು ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದವನು ಈಗ ಮುಂಜಾನೆ ಹೋದರೆ ಊಟಕ್ಕೆ ಬರುತ್ತಿದ್ದ, ಉಂಡ ಕೈ ಒಣಗುವ ಮೊದಲೇ ಮತ್ತೆ ಹೊರಡುತ್ತಿದ್ದ.

"ಮಾವ, ಜರಾ ಹೊತ್ತು ಅತ್ತಿ ಬಾಜೂಕ ಕೂಡ್ರಿ. ನಾ ಅರಿವಿ ಒಕ್ಕೊಂಡು ಬರ್ತೀನಿ."

"ಏನ್ ಕೂಡ್ಲವ್ವ? ಆಕಿ ಬಾಯಿ ಇಲ್ಲದ ಮನ್ಯಾಗ ನನಗ ರೊಟ್ಟಿ ಗಂಟಲದಾಗ ಇಳೀವಲ್ದು," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದ.

ಯಾದಗಿರಿಯ ಡಾಕ್ಟರು ಎರಡನೆಯ ಸಲ ನೋಡಿದಾಗ ಹೇಳಿದ್ದರು: "ಮಾತು ಪೂರ್ತಿ ಸತ್ತಿಲ್ಲ, ಹಾದಿ ತಪ್ಪಿದೆ. ಇವರ ಬಾಯಿಗೆ ರೂಢಿಯಾದ ಹಾಡು, ಪದ ಏನಿದ್ದರೂ ದಿನಾ ಕೇಳಿಸಿ. ಮಾತಾಡೋಕೆ ಬರದವರಿಗೂ ಒಮ್ಮೊಮ್ಮೆ ಪದ ಹೇಳೋಕೆ ಬರುತ್ತದೆ. ಇವರದೇ ದನಿ ಎಲ್ಲಾದರೂ ತುಂಬಿಟ್ಟಿದ್ದರೆ ಅದನ್ನೂ ಕೇಳಿಸಿ. ಮೊದಲ ಮೂರು ತಿಂಗಳು ಕೈಬಿಡಬೇಡಿ."

ಬಸ್ಸಿನಲ್ಲಿ ಬರುತ್ತ ಮರಿಲಿಂಗಮ್ಮನಿಗೆ ಕ್ಯಾಸೆಟ್ಟು ನೆನಪಾಯಿತು. ಅವಳ ಮದುವೆಯದು. ಶಹಾಪುರದ ಇಸ್ಮಾಯಿಲಸಾಬ ಆಗತಾನೆ ಕೈಯಲ್ಲಿ ಹಿಡಿಯುವ ಕ್ಯಾಮೆರಾ ತಂದಿದ್ದ. ಮೊದಲ ಗಿರಾಕಿ ಎಂದು ಅಗ್ಗಕ್ಕೆ ತೆಗೆದುಕೊಟ್ಟಿದ್ದ. ಅಂಗೈಯಷ್ಟು ಕ್ಯಾಸೆಟ್ಟು, ಅದನ್ನು ದೊಡ್ಡ ಕ್ಯಾಸೆಟ್ಟಿಗೆ ಇಳಿಸಿಕೊಳ್ಳಲು ಬೇರೆ ಖರ್ಚು. ಆಮೇಲೆ ನೋಡೋಣ ಎಂದವರು ಆಮೇಲೆ ನೋಡಲೇ ಇಲ್ಲ. ಮನೆಯಲ್ಲಿ ಯಾರೂ ಒಮ್ಮೆಯೂ ಕಾಣದ ಮದುವೆ, ಟ್ರಂಕಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗೆ ಹದಿಮೂರು ವರ್ಷ ಮಲಗಿತ್ತು.

"ಅದರಾಗ ಅತ್ತಿ ಒಡಪು ಅದಾವ್ರಿ," ಎಂದಳು ಗಂಡನಿಗೆ. "ಸೀಡಿಗೆ ಹಾಕಸ್ಕೊಂಡು ಬರ್ರಿ."

ಗಂಡ ಅಂಬ್ರಪ್ಪ ಗೋಗಿಯಿಂದ ಶಹಾಪುರಕ್ಕೆ ಶೇರ್ ಆಟೋ ಓಡಿಸುತ್ತಿದ್ದ. ಒಳ್ಳೆಯ ಮನುಷ್ಯ. ಒಂದೇ ಐಬು, ಹೇಳಿದ್ದನ್ನು ಅರ್ಧ ಕೇಳಿ ಉಳಿದರ್ಧವನ್ನು ತಾನೇ ಸುಧಾರಿಸಿಬಿಡುತ್ತಿದ್ದ.

"ಆತು ಬಿಡು," ಎಂದು ಕ್ಯಾಸೆಟ್ಟನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ಸೀಡಿ ಬಂದದ್ದು ನಾಗರಪಂಚಮಿಯ ದಿನ. ದೇವಕಮ್ಮನ ಮಗಳು, ಕೆಂಭಾವಿಗೆ ಕೊಟ್ಟ ಬಾಲಮ್ಮ, ಹಬ್ಬಕ್ಕೆ ತವರಿಗೆ ಬಂದಿದ್ದಳು. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಅಳ್ಳಿಟ್ಟು ಎಲ್ಲ ತಾಟಿನಲ್ಲಿಟ್ಟುಕೊಂಡು ಮಂದಿಯೆಲ್ಲ ಟೀವಿಯ ಮುಂದೆ ಕೂತರು. ಮೊಮ್ಮಗಳು ಗೊಲ್ಲಾಳಮ್ಮ, ಶಾಲೆಯಲ್ಲಿ ಆರನೆಯ ಇಯತ್ತೆಯವಳು, ಅಜ್ಜಿಯ ಬೆನ್ನಿಗೆ ದಿಂಬು ಕೊಟ್ಟಳು. ಖಂಡಪ್ಪ ಕೂಡ ಅಂದು ಗೇಟಿಗೆ ಹೋಗದೆ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತ.

ಟೀವಿಯಲ್ಲಿ ಮೊದಲು ಒಂದು ಗುಲಾಬಿ ಅರಳಿತು. ಅದರೊಳಗಿಂದ ಅಂಬ್ರಪ್ಪನ ಮುಖ ಬಂತು. ಎಡಗಡೆಯಿಂದ ಎರಡು ಪಾರಿವಾಳ ಹಾರಿಬಂದು ಬಾಸಿಂಗದ ಮೇಲೆ ಕೂತವು. ಹಿಂದೆ ಸಿನೆಮಾ ಹಾಡು, ಜೋರಾಗಿ.

"ಹ್ಯಾಂಗದ?" ಎಂದ ಅಂಬ್ರಪ್ಪ, ಎಲ್ಲರ ಮುಖ ನೋಡುತ್ತ.

"ಭಾಳ ಚಂದ ಅದ ಅಣ್ಣ," ಎಂದಳು ಬಾಲಮ್ಮ. "ಆದ್ರ ನಾ ಎಲ್ಲಿ?"

ತಾಳಿ ಕಟ್ಟಿದ್ದಾಯಿತು. ಮರಿಲಿಂಗಮ್ಮನ ಅಪ್ಪ ಅಕ್ಕಿಕಾಳು ಹಾಕುತ್ತ ಬಾಯಿ ತೆರೆದು ಏನೋ ಕೂಗಿದ. ಕೇಳಿದ್ದು ಸಿನೆಮಾ ಹಾಡು. ಅಪ್ಪ ತೀರಿ ಏಳು ವರ್ಷ. ಊಟದ ಪಂಕ್ತಿ ಬಂತು, ಅದರ ಮೇಲೂ ಗುಲಾಬಿ. ಕೊನೆಗೆ ಈ ಮನೆಯದೇ ಬಾಗಿಲು ಬಂತು. ಸಂದಣಿಯ ನಡುವೆ ದೇವಕಮ್ಮ, ಹಸಿರು ಇಳಕಲ್ ಸೀರೆ, ಎತ್ತಿದ ಕೈ, ತೆರೆದ ಬಾಯಿ. ಸುತ್ತಲಿನ ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದಾರೆ. ಕೇಳುತ್ತಿರುವುದು ಯಾವನೋ ಗಂಡಸಿನ ಪ್ರೇಮಗೀತೆ. ಒಂದು ಹೃದಯದ ಚಿತ್ರ ಮುದುಕಿಯ ಮುಖದ ಸುತ್ತ ಗಿರ ಗಿರ ತಿರುಗಿ ಚಿಕ್ಕದಾಗಿ ಮಾಯವಾಯಿತು.

ಮಂಚದ ಮೇಲೆ ದೇವಕಮ್ಮ ಗ್ಲಾಸನ್ನು ಟೀವಿಯ ಕಡೆಗೆ ಬೀಸಿ ಒಗೆದಳು. ಗುರಿ ತಪ್ಪಿ ಉಂಡಿಯ ತಾಟಿಗೆ ಬಡಿಯಿತು. ಆಮೇಲೆ ಆಕೆ ಕೂಗಿದ ಕೂಗು ಮಾತಾಗಿರಲಿಲ್ಲ, ಆದರೆ ಎಲ್ಲರಿಗೂ ತಿಳಿಯಿತು.

"ದನಿ ಎಲ್ಲಿ?" ಎಂದಳು ಮರಿಲಿಂಗಮ್ಮ ಗಂಡನಿಗೆ. "ಅತ್ತಿ ದನಿ ಎಲ್ಲಿ ಹೋತು?"

"ಅದರಾಗ ಬರೇ ಗದ್ದಲ ಇತ್ತು. ಹೆಂಗಸರ ಕಿರಿಚ್ಯಾಟ, ಹಲಗಿ ಬಡಿತ. ಇಸ್ಮಾಯಿಲಸಾಬ ಕೇಳಿದ, ದನಿ ಇಡ್ಲ್ಯಾ, ಹಾಡು ಹಾಕ್ಲ್ಯಾ ಅಂತ. ಗದ್ದಲ ಪೂರಾ ತೆಗೀರಿ, ಚಲೋ ಹಾಡು ಹಾಕ್ರಿ ಅಂದೆ."

"ಗದ್ದಲಾ? ಆ ಗದ್ದಲದ ಸಲುವಾಗೇ ಅಲ್ರೀ ನಿಮಗ ಕಳಿಸಿದ್ದು! ಡಾಕ್ಟರ ಏನಂದ್ರು, ಕೇಳಿಲ್ಲೇನು ನೀವು?"

"ಹಾಡು ಕೇಳಸ್ರಿ ಅಂದ್ರು. ಹಾಡು ತಂದೀನಲ್ಲ!"

ಬಾಲಮ್ಮ ನಡುವೆ ಬಾಯಿ ಹಾಕಿದಳು: "ಬಾಗಲಾ ಅಡ್ಡಗಟ್ಟಿದಾಕಿ ನಾ. ನನ್ನ ಕೈ ಅಷ್ಟೇ ಕಾಣ್ತದ. ನನ್ನ ಮಾರಿ ಯಾಕ ಕತ್ತರಿಸಿದಿ ಅಣ್ಣ?"

"ಒಂದೂವರೆ ತಾಸಿಂದು ಮುಕ್ಕಾಲು ತಾಸಿಗೆ ಇಳಸ್ಯಾರವ್ವ. ಎಲ್ಲಾರ ಮಾರಿ ಎಲ್ಲಿ ಹಿಡಿಸ್ತಾವ? ಒಂದೇ ಸೀಡಿಯಾಗ ಕೂಡಸ್ರಿ ಅಂದೆ. ಕಮ್ಮಿ ಖರ್ಚಿನಾಗ ಆಗ್ಬೇಕಲ್ಲ."

"ಆತು, ಆ ಸಣ್ಣ ಕ್ಯಾಸೆಟ್ ಕೊಡ್ರಿ," ಎಂದಳು ಮರಿಲಿಂಗಮ್ಮ. "ನಾನೇ ಹೋಗಿ ದನಿ ಹಾಕಸ್ಕೊಂಡು ಬರ್ತೀನಿ."

ಅಂಬ್ರಪ್ಪ ತಾಟಿನಲ್ಲಿ ಒಡೆದ ಉಂಡಿಯ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ.

"ಕ್ಯಾಸೆಟ್ ಎಲ್ಲಿ?"

"ಅವನ ಹಂತ್ಯಾಕೇ ಬಿಟ್ಟೀನಿ. ಅಂಥವು ಈಗ ಬಜಾರದಾಗ ಸಿಗಂಗಿಲ್ಲಂತ. ಹಳೇ ಕ್ಯಾಮೆರಾಕ್ಕ ಅವನಿಗೆ ಬೇಕು. ಬಿಟ್ಟುಹೋದ್ರ ಅರ್ಧಾ ರೊಕ್ಕ ಕೊಡು ಸಾಕು ಅಂದ. ಸೀಡಿ ಬಂದ ಮ್ಯಾಲ ಅದನ್ನ ಇಟಗೊಂಡು ಏನ್ ಮಾಡೋದು ಅಂತ..."

ಖಂಡಪ್ಪ ಎದ್ದು ಗೇಟಿನ ಕಡೆಗೆ ಹೊರಟುಹೋದ. ಹಬ್ಬದ ಊಟಕ್ಕೂ ಬರಲಿಲ್ಲ.

ನಾಳೆ ತರುತ್ತೇನೆ ಎಂದ ಅಂಬ್ರಪ್ಪನ ನಾಳೆ ಹತ್ತು ದಿನ ಎಳೆಯಿತು. ಒಂದು ದಿನ ಅಂಗಡಿ ಮುಚ್ಚಿತ್ತಂತೆ, ಒಂದು ದಿನ ಆಟೋದ ಗಾಲಿ ಪಂಕ್ಚರ್. ನಿಜವೆಂದರೆ ಬಿಟ್ಟುಬಂದದ್ದನ್ನು ಮರಳಿ ಕೇಳಲು ಅವನಿಗೆ ಮುಖವಿರಲಿಲ್ಲ. ಆಗಸ್ಟ್ ಹದಿನೈದರಂದು ಮಗಳು ಧ್ವಜ ಹಾರಿಸಲು ಶಾಲೆಗೆ ಓಡುತ್ತಲೇ ಮರಿಲಿಂಗಮ್ಮ ರೊಟ್ಟಿ ಬಡಿದು ಮುಚ್ಚಿಟ್ಟು, ಅತ್ತೆಗೆ ಉಣಿಸಿ, ಮಾವನ ಚಪ್ಪಲಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಳು.

"ಇವತ್ತ ನೀವು ಮನ್ಯಾಗ ಕೂಡ್ರಿ ಮಾವ. ನಾ ಶಹಾಪುರಕ್ಕ ಹೋಗ್ಬೇಕು."

ಬರಿಗಾಲಲ್ಲೂ ಹೋಗಬಲ್ಲ ಮುದುಕ, ಸೊಸೆಯ ಮುಖ ನೋಡಿ ಸುಮ್ಮನೆ ಕೂತ.

ಇಸ್ಮಾಯಿಲಸಾಬನ ಸ್ಟುಡಿಯೋದಲ್ಲಿ ಮಗಳು ಆಮೀನಾ ಒಬ್ಬಳೇ ಕಂಪ್ಯೂಟರಿನ ಮುಂದಿದ್ದಳು. ಗುಲಾಬಿ ಅರಳಿಸಿದ್ದು, ಪಾರಿವಾಳ ಹಾರಿಸಿದ್ದು ಎಲ್ಲ ಈಕೆಯ ಕೈಯೇ. ಮರಿಲಿಂಗಮ್ಮ ಹೇಳಿದ್ದನ್ನೆಲ್ಲ ಕೇಳಿ ಅವಳ ಮುಖ ಇಳಿಯಿತು.

"ಯವ್ವಾ, ಇದು ಗೊತ್ತಿದ್ರ ನಾ ದನಿ ಮುಟ್ಟತಿದ್ದಿಲ್ರಿ ಅಕ್ಕ. ಇಲ್ಲಿ ಎಲ್ಲಾರೂ ಹಾಡೇ ಕೇಳ್ತಾರ, ದನಿ ಯಾರೂ ಕೇಳಂಗಿಲ್ಲ. ಕಂಪ್ಯೂಟರದಾಗಿಂದು ಅಳಿಸಿಬಿಟ್ಟೀನಿ, ಜಾಗಾ ಇದ್ದಿಲ್ಲ."

"ಕ್ಯಾಸೆಟ್?"

ಆಮೀನಾ ಹಲಗೆಯ ಮೇಲಿನ ಡಬ್ಬಿ ಇಳಿಸಿ ಕೈಯಾಡಿಸಿದಳು. ಕೈ ನಿಂತಿತು. "ಅಬ್ಬಾ ಮುಂಜಾನಿ ಒಯ್ದಾರ ಕಾಣ್ತದ. ಸುರಪುರದಾಗ ಒಂದು ಸಾಲಿ ಕಾರ್ಯಕ್ರಮ ಅದ. ಹತ್ತೂವರಿಗೆ ಶುರು."

ಗೋಡೆಯ ಗಡಿಯಾರದಲ್ಲಿ ಹತ್ತು ದಾಟಿತ್ತು. ಆಮೀನಾ ಫೋನು ಹಚ್ಚಿದಳು, ಹತ್ತಲಿಲ್ಲ. ಮತ್ತೆ ಹಚ್ಚಿದಳು, ಎತ್ತಲಿಲ್ಲ. "ಕಾರ್ಯಕ್ರಮದಾಗ ಅವ್ರು ಫೋನ್ ಕಿಸೇದಾಗ ಇಡಂಗಿಲ್ರಿ, ಬ್ಯಾಗಿನಾಗ ಒಗಿತಾರ. ನೀವು ಓಡ್ರಿ ಅಕ್ಕ. ನಾ ಹಚ್ಕೋತ ಇರ್ತೀನಿ."

ಬಸ್ಸು ಪ್ರತಿ ಹಳ್ಳಿಗೂ ನಿಂತಿತು. ಪ್ರತಿ ನಿಲ್ದಾಣದಲ್ಲೂ ಬಿಳಿ ಅಂಗಿಯ ಹುಡುಗರು ಚಾಕೊಲೇಟು ಚೀಪುತ್ತ ಹತ್ತಿದರು. ಮರಿಲಿಂಗಮ್ಮ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂತಳು. ತವರಿಗೆ ಹೋಗುವ ಹಾದಿಯೂ ಇದೇ. ಇಷ್ಟು ಉದ್ದವಿದೆಯೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಸುರಪುರದಲ್ಲಿಳಿದು ಮೈಕಿನ ದನಿ ಹಿಡಿದುಕೊಂಡೇ ಓಡಿದಳು. ಶಾಲೆಯ ಅಂಗಳದಲ್ಲಿ ಶಾಮಿಯಾನ, ವೇದಿಕೆಯ ಮೇಲೆ ಮೂರು ಬಣ್ಣದ ರಿಬ್ಬನ್ನು ಕಟ್ಟಿಕೊಂಡ ಚಿಕ್ಕ ಹುಡುಗಿಯರು ಕುಣಿಯುತ್ತಿದ್ದಾರೆ. ಮುಂದೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಅದರ ಮೂಗಿನ ಹತ್ತಿರ ಕೆಂಪು ದೀಪ. ಇಸ್ಮಾಯಿಲಸಾಬ ಒಂದು ಕಣ್ಣು ಮುಚ್ಚಿ ಬಾಗಿದ್ದ. ಕೂಗಿ ಹೇಳಲು ಮೈಕಿನ ಗದ್ದಲ ಬಿಡಲಿಲ್ಲ. ಮರಿಲಿಂಗಮ್ಮ ಕುರ್ಚಿಗಳ ಸಾಲು ಸೀಳಿಕೊಂಡು ಹೋಗಿ ಕ್ಯಾಮೆರಾದ ಕಣ್ಣಿಗೆ ಅಂಗೈ ಅಡ್ಡ ಇಟ್ಟಳು.

"ಏ, ಯಾರವ್ವ ನೀ? ಕೈ ತೆಗಿ!"

"ತೆಗಿಯಂಗಿಲ್ಲ. ಮೊದಲ ಬಂದ್ ಮಾಡ್ರಿ. ಇದರಾಗ ನಮ್ಮ ಅತ್ತಿ ಬಾಯಿ ಅದ!"

ಜನ ನಕ್ಕರು. ಮೈಕಿನಲ್ಲಿ ಯಾರೋ ದಯವಿಟ್ಟು ಕುಳಿತುಕೊಳ್ಳಿ ಎಂದರು. ಇಸ್ಮಾಯಿಲಸಾಬನಿಗೆ ಅವಳ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಹತ್ತಿದ ಮೇಲೆ ಗುಂಡಿ ಒತ್ತಿದ. ಕೆಂಪು ದೀಪ ಆರಿತು.

"ನಿನ್ನ ಗಂಡನೇ ಬ್ಯಾಡಂತ ಬಿಟ್ಟುಹೋದ ತಂಗಿ. ನಾ ಏನ್ ಕಸಗೊಂಡಿಲ್ಲ," ಎಂದ, ಕ್ಯಾಸೆಟ್ಟು ಹೊರಗೆ ತೆಗೆಯುತ್ತ. ಬ್ಯಾಗಿನಿಂದ ಬೇರೊಂದು ಹಳೆಯದನ್ನು ಹುಡುಕಿ ಸೇರಿಸಿದ.

"ಎಷ್ಟು ಅಳಿಸ್ಯಾದ?"

"ಇಪ್ಪತ್ತೈದು ನಿಮಿಷ. ಮುಂದಿಂದು ಹೋತು. ಹಿಂದಿಂದು ಹಂಗೇ ಅದ."

ಮುಂದಿನದು ಎಂದರೆ ತಾಳಿ, ಅಕ್ಕಿಕಾಳು, ಅಪ್ಪ. ಅಪ್ಪ ಬಾಯಿ ತೆರೆದು ಕೂಗಿದ್ದು ಏನೆಂದು ಇನ್ನು ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಕೂತು ಮರಿಲಿಂಗಮ್ಮ ಮನಸಾರೆ ಅತ್ತಳು. ಒಬ್ಬ ಹುಡುಗಿ ಬಂದು ಅವಳ ಕೈಯಲ್ಲಿ ಒಂದು ಚಾಕೊಲೇಟು ಇಟ್ಟುಹೋದಳು. ಅತ್ತು ಮುಗಿದ ಮೇಲೆ ಕ್ಯಾಸೆಟ್ಟು, ಚಾಕೊಲೇಟು ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು.

ಆ ಸಂಜೆ ಅಂಬ್ರಪ್ಪನಿಗೆ ಆದ ಮಂಗಳಾರತಿ ಓಣಿಗೆಲ್ಲ ಕೇಳಿಸಿತು.

"ನಿಮ್ಮವ್ವನ ದನಿ ಉಳೀತು. ನಮ್ಮಪ್ಪಂದು ಹೋತು. ಅರ್ಧಾ ರೊಕ್ಕ ಉಳಿಸೀನಿ ಅಂದ್ರಲ್ಲ, ಅದರಾಗ ನಮ್ಮಪ್ಪ ಹೋದ!"

ಅಂಬ್ರಪ್ಪ ಎದ್ದ. ಉಣ್ಣುತ್ತಿದ್ದ ತಾಟನ್ನು ತಾನೇ ಒಯ್ದು ತೊಳೆದಿಟ್ಟ. ಹದಿಮೂರು ವರ್ಷದಲ್ಲಿ ಅದೇ ಮೊದಲು.

ದನಿ ಇಳಿಸುವ ಉಪಾಯ ಹೇಳಿದವಳು ಆಮೀನಾ. ಮತ್ತೆ ಸೀಡಿ, ಮತ್ತೆ ಖರ್ಚು ಯಾಕೆ? ಹಳದಿ, ಬಿಳಿ, ಕೆಂಪು ಮೂರು ವಾಯರ್ ಸಾಕು, ಕ್ಯಾಮೆರಾವನ್ನೇ ಮನೆಯ ಟೀವಿಗೆ ಚುಚ್ಚಿದರಾಯಿತು. ದನಿಯನ್ನು ಟೀವಿಯ ಮುಂದೆ ಮೊಬೈಲು ಹಿಡಿದು ತುಂಬಿಕೊಂಡರಾಯಿತು. ಶುಕ್ರವಾರ ಅಂಗಡಿಗೆ ಸೂಟಿ, ಕ್ಯಾಮೆರಾ ತಾನೇ ತರುತ್ತೇನೆ ಎಂದಳು. ಇದಕ್ಕೆ ಬದಲಾಗಿ ಅವಳ ಕಾಯಿಲೆಯ ತಾಯಿಯನ್ನು ವಾರಕ್ಕೆರಡು ಸಲ ದವಾಖಾನೆಗೆ ಒಯ್ದು ತರುವ ಕೆಲಸವನ್ನು ಅಂಬ್ರಪ್ಪ ತಾನಾಗಿಯೇ ಹೊತ್ತುಕೊಂಡ.

ಶುಕ್ರವಾರ ಮನೆ ಯುದ್ಧಕ್ಕೆ ನಿಂತಂತೆ ನಿಂತಿತು. ಮೊಬೈಲಿಗೆ ಬೇರೆ ದನಿ ಬೀಳಬಾರದೆಂದು ಫ್ಯಾನು ಬಂದ್. ಹಿತ್ತಲ ಕೋಳಿಗಳನ್ನು ಬುಟ್ಟಿ ಮುಚ್ಚಿ ಗೊಲ್ಲಾಳಮ್ಮ ಅದರ ಮೇಲೆ ಗೋಣಿಚೀಲ ಹಾಕಿದಳು. ಓಣಿಯಲ್ಲಿ ಉಳ್ಳಾಗಡ್ಡಿ ಮಾರುವವನು ಕೂಗುತ್ತ ಬಂದರೆ ಏನು ಗತಿ ಎಂದು ಅಂಬ್ರಪ್ಪ ಕೇಳಿದಾಗ ಖಂಡಪ್ಪ ಎದ್ದು ನಿಂತ.

"ಓಣಿ ನಾ ಕಾಯ್ತೀನಿ. ಒಂದು ನಾಯಿನೂ ಬಿಡಂಗಿಲ್ಲ."

ಗೇಟಿನ ಮನುಷ್ಯ, ಕಾಯುವುದೆಂದರೆ ಅವನಿಗೆ ಖುಷಿ. ಕೋಲು ಹಿಡಿದು ಓಣಿಯ ಬಾಯಿಗೆ ಹೋಗಿ ನಿಂತ.

ಆಮೀನಾ ಗುಂಡಿ ಒತ್ತಿದಳು. ಟೀವಿಯಲ್ಲಿ ಸುರಪುರದ ಹುಡುಗಿಯರು ಕುಣಿದರು. ಒಮ್ಮೆಲೆ ಒಂದು ಅಂಗೈ ಅಡ್ಡ ಬಂದು ಎಲ್ಲ ಕಪ್ಪಾಯಿತು. ಇದರಾಗ ನಮ್ಮ ಅತ್ತಿ ಬಾಯಿ ಅದ ಎಂಬ ಕೂಗು ಕೇಳಿತು. ಗೊಲ್ಲಾಳಮ್ಮ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಕಪ್ಪು ಹರಿದದ್ದೇ ಹದಿಮೂರು ವರ್ಷದ ಹಿಂದಿನ ಊಟದ ಪಂಕ್ತಿ, ಆಮೇಲೆ ಹಲಗೆಯ ಬಡಿತ, ಆಮೇಲೆ ಈ ಮನೆಯ ಬಾಗಿಲು.

ಬಾಲಮ್ಮ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. "ಗಂಡನ ಹೆಸರ ಹೇಳು, ಬಾಗಲಾ ಬಿಡ್ತೀನಿ!"

ಮದುಮಗಳು ಬಾಸಿಂಗದಡಿ ತಲೆ ತಗ್ಗಿಸಿ ಮಿಸುಕಲೂ ಇಲ್ಲ. ಮರಿಲಿಂಗಮ್ಮನಿಗೆ ಆ ಗಳಿಗೆಯ ನಡುಕ ಇಂದಿಗೂ ನೆನಪಿತ್ತು. ಹಸಿವೆ, ಬಿಸಿಲು, ಸುತ್ತ ಗುರುತಿಲ್ಲದ ಮಂದಿ. ಕಲಿತು ಬಂದ ಒಡಪು ಮರೆತೇಹೋಗಿತ್ತು. ಆಗ ಹಿಂದಿನಿಂದ ಯಾರೋ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳಿಕೊಟ್ಟಿದ್ದರು. ತವರಿನಿಂದ ಜೊತೆಗೆ ಬಂದ ಚಿಗವ್ವ ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ಟೀವಿಯಲ್ಲಿ ಮದುಮಗಳ ಹೆಗಲಿನ ಹಿಂದೆ ಹಸಿರು ಇಳಕಲ್ ಸೀರೆ ಕಂಡಿತು. ಪಿಸುದನಿ ಸ್ಪಷ್ಟವಾಗಿ ಕೇಳಿತು:

"ಅಂಜಬ್ಯಾಡವ್ವ. ನಾ ಅಂದಂಗ ಅನ್ನು. ಹಿತ್ತಲ ಮಲ್ಲಿಗಿ ಮುಡಿಗಿ, ಮುಡಿದ ಹೂವು ಗುಡಿಗಿ, ಗುಡಿ ಸುತ್ತಿ ಬಂದೀನಿ ಮನಿಗಿ, ಅಂಬ್ರಪ್ಪನವರ ಜೋಡಿಗಿ."

"ಯವ್ವಾ, ನೀ ಹೇಳಿಕೊಡಬ್ಯಾಡ! ಇದು ಮೋಸ!" ಎಂದು ಬಾಲಮ್ಮ ಕಿರುಚಿದಳು.

"ನೀ ದೂರ ಸರಿ. ಹುಡುಗಿ ಮುಂಜಾನಿಂದ ಉಪಾಸ ಅದಾಳ. ಮೊದಲ ಒಳಗ ಬಂದು ಉಣ್ಣಲಿ."

ಮರಿಲಿಂಗಮ್ಮ ಮಂಚದ ಕಡೆ ತಿರುಗಿದಳು. ದೇವಕಮ್ಮ ಅವಳನ್ನು ನೋಡುತ್ತಿರಲಿಲ್ಲ, ಟೀವಿಯೊಳಗಿನ ತನ್ನನ್ನೇ ನೋಡುತ್ತಿದ್ದಳು.

ಟೀವಿಯಲ್ಲಿ ಹೆಂಗಸರು ದೇವಕಮ್ಮನಿಗೆ ಗಂಟುಬಿದ್ದರು. ಸೊಸೆಗೆ ಹೇಳಿಕೊಟ್ಟ ತಪ್ಪಿಗೆ ನಿಂದೂ ಒಂದು ಹೇಳು ಎಂದರು. ಆಕೆ ಸೆರಗು ಸೊಂ‌ಟಕ್ಕೆ ಸಿಕ್ಕಿಸಿ ಕೈ ಎತ್ತಿ ಶುರು ಮಾಡಿದಳು:

"ಕೃಷ್ಣಿ ನೀರು ಕಾಲಿವ್ಯಾಗ, ಕಾಲಿವಿ ನೀರು ಹೊಲದಾಗ, ಹೊಲದ ಜ್ವಾಳ ಮನಿಯಾಗ, ಮನಿ ಬಿಟ್ಟು ಗೇಟಿನ ಮ್ಯಾಗ ಕುಂತವರು ಖಂಡಪ್ಪನವರು!"

ನಗೆ ಹೊಡೆದು ಟೀವಿಯ ಸ್ಪೀಕರು ಗರ್ ಎಂದಿತು. ಎಲ್ಲರೂ ಮಂಚದ ಕಡೆ ನೋಡಿದರು. ದೇವಕಮ್ಮನ ಎಡಗೈ ಪಟ್ಟಿಯ ಮೇಲೆ ತಾಳ ಹಾಕಿತು, ಕಣ್ಣಲ್ಲಿ ನೀರು ಬಂತು, ತುಟಿ ಅಲುಗಿತು. ದನಿ ಬರಲಿಲ್ಲ.

ಓಣಿಯಿಂದ ಬಂದ ಖಂಡಪ್ಪನಿಗೆ ಗೊಲ್ಲಾಳಮ್ಮ ಮೊಬೈಲು ಹಿಡಿದಳು. "ಮುತ್ಯಾ, ಆಯಿ ನಿನ್ನ ಹೆಸರ ಹೇಳ್ಯಾಳ. ಕೇಳು."

"ಯಂತ್ರದ ಬಾಯಿಂದ ನನಗ ಬ್ಯಾಡ ಕೂಸೇ. ಆಕಿ ಬಾಯಿಂದ ಬಂದ್ರ ಕೇಳ್ತೀನಿ," ಎಂದು ಮುದುಕ ಕೋಲು ಮೂಲೆಗಿಟ್ಟು, ಚಪ್ಪಲಿ ಹುಡುಕಿಕೊಂಡು ಹೋದ.

ಅಲ್ಲಿಂದ ದಿನಕ್ಕೆ ಮೂರು ಹೊತ್ತು ಒಡಪು. ಮುಂಜಾನೆ ಚಹಾದ ಜೊತೆ, ಮಧ್ಯಾಹ್ನ ನುಚ್ಚಿನ ಜೊತೆ, ಸಂಜೆ ತಲೆ ಬಾಚುವಾಗ. ಮೊಬೈಲು ಅಂಬ್ರಪ್ಪನದು. ತಪ್ಪು ತನ್ನದೆಂದು ಅದನ್ನು ದಿನವೂ ಮನೆಯಲ್ಲಿ ಬಿಟ್ಟುಹೋಗುತ್ತಿದ್ದ. ಫೋನು ಮಾಡಿ ಆಟೋ ಕರೆಯುತ್ತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಆಟೋ ಹಿಡಿದರು. ಗೊಲ್ಲಾಳಮ್ಮ ಶಾಲೆಯ ಹಾದಿಯುದ್ದಕ್ಕೂ ಒಡಪು ಗುನುಗಿದಳು. ನೀರಿಗೆ ಹೋದಲ್ಲಿ ನೆರೆಯ ಹೆಂಗಸರು, "ಏನ್ ಮರಿಲಿಂಗಿ, ದಿನಾ ಮೂರು ಸಲ ಗಂಡನ ಹೆಸರ ಹೇಳಾಕತ್ತಿಯಂತಲ್ಲ?" ಎಂದು ಕೆಣಕಿದರು. ಗಣೇಶ ಬಂದ, ಹೋದ. ದೇವಕಮ್ಮನ ಕೈ ತಾಳ ಹಾಕುತ್ತಿತ್ತು. ಬಾಯಿ ಮಾತ್ರ ಹಾಗೇ ಇತ್ತು.

ಡಾಕ್ಟರು ಹೇಳಿದ ಮೂರು ತಿಂಗಳಿಗೆ ನಾಲ್ಕೇ ದಿನ ಉಳಿದಾಗ ಅಂಬ್ರಪ್ಪನ ತಾಳ್ಮೆ ತಪ್ಪಿತು. ರೊಟ್ಟಿ ಮುರಿಯುತ್ತ ಅಂದ: "ಸಾಕು ಮಾಡು ಇನ್ನ. ಬರೋದಿದ್ರ ಇಷ್ಟರಾಗ ಬರ್ತಿತ್ತು."

"ಇನ್ನ ನಾಕ ದಿನ ಅದ."

"ನಾಕ ದಿನದಾಗ ಏನ್ ಆಗ್ತದ? ಗಿರಾಕಿ ಪೂರಾ ಹೋದ್ರು. ಮನ್ಯಾಗ ಜ್ವಾಳ ಎಷ್ಟದ ನೋಡಿದಿಯೇನು?"

"ನೋಡೀನಿ. ದಿನಾ ಡಬ್ಬಿ ತೆಗಿಯಾಕಿ ನಾನೇ."

ಅವನು ಮೊಬೈಲನ್ನು ತಾಯಿಯ ದಿಂಬಿನ ಬದಿಯಿಂದ ಎತ್ತಿ ಕಿಸೆಗೆ ಹಾಕಿಕೊಂಡ. ಎರಡು ಹೆಜ್ಜೆ ಹೋಗಿ ನಿಂತ, ಒಮ್ಮೆ ಮಂಚದ ಕಡೆ ತಿರುಗಿ ನೋಡಿ ಆಟೋ ಏರಿದ. ಮರಿಲಿಂಗಮ್ಮನಿಗೂ ಅವನನ್ನು ತಡೆಯುವ ಬಾಯಿ ಇರಲಿಲ್ಲ. ಜೋಳದ ಡಬ್ಬಿ ತಳ ಕಂಡಿದ್ದು ನಿಜ.

ಮಧ್ಯಾಹ್ನ ನುಚ್ಚು ಕಲಸಿಕೊಂಡು ಕೂತರೆ ದೇವಕಮ್ಮ ಬಾಯಿ ತೆರೆಯಲಿಲ್ಲ. ದಿಂಬಿನ ಬದಿ ತಡವಿದಳು. ಮೊಬೈಲು ಇಲ್ಲ. ಗ್ಲಾಸು ಎತ್ತಿ ಪಟ್ಟಿಗೆ ಬಡಿದಳು. ಕಣ, ಕಣ, ಕಣ.

"ಇಲ್ಲತ್ತಿ, ಇವತ್ತಿಲ್ಲ. ನಿನ್ನ ಮಗ ಒಯ್ದಾನ." ಬಡಿತ ನಿಲ್ಲಲಿಲ್ಲ. ಮರಿಲಿಂಗಮ್ಮನಿಗೂ ರೇಗಿತು. ತಾಟು ಕೆಳಗಿಟ್ಟಳು. "ಎಷ್ಟಂತ ಬಡೀತಿ? ನನಗೂ ಸಾಕಾಗ್ಯಾದ!"

ಆಗಲೇ ಹೊರಗೆ ಚಪ್ಪಲಿ ಬಿಚ್ಚಿದ ಸದ್ದಾಯಿತು. ಖಂಡಪ್ಪ ಊಟಕ್ಕೆ ಬಂದಿದ್ದ. ಮರಿಲಿಂಗಮ್ಮ ಯಾಕೆ ಹಾಗೆ ಮಾಡಿದಳೋ ಅವಳಿಗೂ ತಿಳಿಯಲಿಲ್ಲ. ದೇವಕಮ್ಮನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಕಾಲೆಳೆಸುತ್ತ ಬಾಗಿಲ ತನಕ ನಡೆಸಿಕೊಂಡು ಬಂದು, ತನ್ನ ಇನ್ನೊಂದು ಕೈಯನ್ನು ಬಾಗಿಲಿಗೆ ಅಡ್ಡ ಚಾಚಿದಳು.

"ನಿಲ್ರಿ ಮಾವ. ಹೆಸರ ಹೇಳದ ಬಾಗಲಾ ಬಿಡಂಗಿಲ್ಲ."

"ಏನವ್ವ ಇದು? ಹಸಿವ್ಯಾಗ್ಯಾದ ನನಗ."

"ನಿಮಗಲ್ಲ ಹೇಳಿದ್ದು."

ಅತ್ತೆಯ ಹಿಂದೆ ನಿಂತು, ಹೆಗಲ ಮೇಲೆ ಗಲ್ಲವಿಟ್ಟು, ಕಿವಿಯಲ್ಲಿ ಪಿಸುದನಿಯಲ್ಲಿ ಅಂದಳು: "ಅಂಜಬ್ಯಾಡತ್ತಿ. ನಾ ಅಂದಂಗ ಅನ್ನು. ಕೃಷ್ಣಿ ನೀರು ಕಾಲಿವ್ಯಾಗ..."

ಮುದುಕಿ ಮೈಯೆಲ್ಲ ಬಿಗಿ ಹಿಡಿದು ನಿಂತಳು.

"ಕಾಲಿವಿ ನೀರು..." ಎಂದು ಮರಿಲಿಂಗಮ್ಮ ಅಲ್ಲಿಗೇ ನಿಲ್ಲಿಸಿದಳು.

ಹಿತ್ತಲಲ್ಲಿ ಕೋಳಿಯೊಂದು ಕೆದರುತ್ತಿತ್ತು. ದೇವಕಮ್ಮನ ಗಂಟಲಲ್ಲಿ ಏನೋ ಹೊರಳಿತು.

"ಹೊ... ಹೊಲದಾಗ."

ಮರಿಲಿಂಗಮ್ಮ ಚಾಚಿದ ಕೈಯನ್ನು ಬಾಗಿಲಿನಿಂದ ಇಳಿಸಲಿಲ್ಲ. "ಹೊಲದ ಜ್ವಾಳ..."

"ಮನಿಯಾಗ."

"ಮನಿ ಬಿಟ್ಟು..."

"ಗೇಟಿನ ಮ್ಯಾಗ," ಎಂದಳು ದೇವಕಮ್ಮ. ದನಿ ಒರಟಾಗಿತ್ತು, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ. ಉಳಿದದ್ದಕ್ಕೆ ಸೊಸೆಯ ದಾರಿ ನೋಡಲಿಲ್ಲ. ಎಡಗೈ ಎತ್ತಿ, ಎದುರು ಹೊಸಿಲಾಚೆ ನಿಂತವನ ಎದೆಗೆ ಬೆರಳು ತೋರಿಸಿ ಅಂದಳು: "ಕುಂತ... ಖಂಡಪ್ಪ."

ಖಂಡಪ್ಪ ಗೇಟು, ಬಿಸಿಲು, ಹಸಿವೆ ಎಲ್ಲ ಮರೆತವನಂತೆ ನಿಂತ. ಆಮೇಲೆ ಟವಲಿನಿಂದ ಮುಖ ಒರೆಸಿಕೊಳ್ಳುತ್ತ, ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯದ ದನಿಯಲ್ಲಿ ಸೊಸೆಗೆ ಅಂದ:

"ನೋಡಿದ್ಯಾ? ನಲವತ್ತು ವರ್ಷದ ಮ್ಯಾಲ ಬರೇ ಖಂಡಪ್ಪ ಅಂತಾಳ. ಅವರು ಗಿವರು ಎಲ್ಲಾ ನುಂಗಿಬಿಟ್ಟಳು."

"ಹೆಸರ ಬಂತಲ್ರಿ ಮಾವ. ಅವರು ಆಮ್ಯಾಲ ಬರ್ತದ," ಎಂದು ಮರಿಲಿಂಗಮ್ಮ ಕೈ ಇಳಿಸಿ ಬಾಗಿಲು ಬಿಟ್ಟಳು.

ಮುದುಕ ಒಳಗೆ ಬಂದು ಹೆಂಡತಿಯನ್ನು ಮಂಚಕ್ಕೆ ಕೂರಿಸಿದ. ನುಚ್ಚಿನ ತಾಟು ತಾನೇ ಎತ್ತಿಕೊಂಡ. ಮೊದಲ ತುತ್ತು ಬಾಯಿಗಿಟ್ಟಾಗ ದೇವಕಮ್ಮ ಮುಖ ಕಿವುಚಿ ಸೊಸೆಯ ಕಡೆ ಕೆಂಗಣ್ಣು ಬಿಟ್ಟಳು. ಉಪ್ಪು ಕಡಿಮೆಯಾಗಿತ್ತು. ಮರಿಲಿಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಉಪ್ಪಿನ ಡಬ್ಬಿ ತರಲು ಓಡಿದಳು.

ಅಂದು ಮಧ್ಯಾಹ್ನ ಖಂಡಪ್ಪ ಗೇಟಿನ ಕಡೆಗೆ ಹೋಗಲಿಲ್ಲ.